ಕಿಟಕಿಗೆ ಅಡ್ಡ ನಿಂತ ಹೊರಸು

ನಮ್ಮ ಮನೆಯವರು ಏನನ್ನೂ ಬಿಸಾಡುವವರಲ್ಲ ಎಂಬ ಮಾತು ಬೆಟಗೇರಿಯ ನಮ್ಮ ಓಣಿಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಇದಕ್ಕೆ ಬಡತನ ಕಾರಣ ಎಂದು ಕೆಲವರು ಹೇಳುತ್ತಾರೆ, ಆಯಿಯ ಜಿಪುಣತನ ಕಾರಣ ಎಂದು ಇನ್ನು ಕೆಲವರು. ನಾನು ಎರಡನ್ನೂ ಒಪ್ಪುವುದಿಲ್ಲ. ಆಯಿ ಎಂದರೆ ನನ್ನ ತಂದೆಯ ತಾಯಿ. ಬಾಗಿಲಿಗೆ ಬಂದವರಿಗೆ ಮೊರದಲ್ಲಿ ಜೋಳ ಹಾಕುವಾಗ ಅವಳ ಕೈ ಹಿಂದೆ ಸರಿದದ್ದನ್ನು ನಾನು ನೋಡಿಲ್ಲ. ಪಕ್ಕದ ಮನೆಯ ಮಗು ಅತ್ತರೆ ತನ್ನ ತಾಟಿನ ರೊಟ್ಟಿಯನ್ನೇ ಮುರಿದು ಕೊಡುತ್ತಿದ್ದಳು. ಆದರೆ ಅದೇ ಮೊರ ಹಳತಾಗಿ, ಹೊಸ ಮೊರ ಮನೆಗೆ ಬಂದು, ಹಳೆಯದನ್ನು ಕೊಡಿ ಎಂದು ಯಾರಾದರೂ ಕೇಳಿದರೆ ಅವಳ ಮುಖವೇ ಬೇರೆಯಾಗುತ್ತಿತ್ತು. ಜೋಳ ಉಂಡರೆ ತೀರಿಹೋಗುವ ವಸ್ತು, ಅದನ್ನು ಕೊಡಬಹುದು. ಮೊರ ಹಾಗಲ್ಲ. ಅದು ಇನ್ನೂ ಕೆಲಸಕ್ಕೆ ಬರುತ್ತದೆ. ಕೆಲಸಕ್ಕೆ ಬರುವುದನ್ನು ಮನೆಯಿಂದ ಹೊರಗೆ ಹಾಕುವುದೆಂದರೆ, ದುಡಿಯುವ ಆಳನ್ನು ತಪ್ಪಿಲ್ಲದೆ ಬಿಡಿಸಿದಂತೆ ಎಂಬುದು ಅವಳ ನಂಬಿಕೆಯಾಗಿತ್ತು.

ನಮ್ಮದು ನೇಕಾರರ ಮನೆ. ಹೊಸ್ತಿಲು ದಾಟಿದರೆ ಪಡಸಾಲೆ, ಅದರ ಎಡಕ್ಕೆ ನೆಲದಲ್ಲಿ ತೋಡಿದ ಕುಣಿ, ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ ಮಗ್ಗ. ಪಡಸಾಲೆಯ ಹಿಂದೆ ಅಡುಗೆಮನೆ ಮತ್ತು ಬಚ್ಚಲು, ಅದರಾಚೆ ಒಂದು ಆಡು ಕಟ್ಟುವಷ್ಟು ಹಿತ್ತಿಲು. ಮಗ್ಗದ ಪಕ್ಕದಲ್ಲಿ ಒಂದು ಮೂಲೆಕೋಣೆ. ಇಡೀ ಮನೆಯಲ್ಲಿ ಓಣಿಯ ಕಡೆಗೆ ತೆರೆಯುವ ಕಿಟಕಿ ಇದ್ದದ್ದು ಆ ಕೋಣೆಗೆ ಮಾತ್ರ, ಮತ್ತು ಇಡೀ ಮನೆಯಲ್ಲಿ ಮನುಷ್ಯರು ಕಾಲಿಡಲಾಗದಿದ್ದ ಜಾಗವೂ ಅದೊಂದೇ. ಅಲ್ಲಿ ತೊಟ್ಟಿಲಿತ್ತು, ಬೀಸುಕಲ್ಲಿತ್ತು, ಗಾಜು ಒಡೆಯದ ಕಂದೀಲು ಇತ್ತು, ಕೈಯಿರುವ ಕುರ್ಚಿ ಇತ್ತು, ಎತ್ತಿನ ಕೊರಳ ಗೆಜ್ಜೆಸರ ಇತ್ತು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸು ಮುಗಿದಾಗಲೆಲ್ಲ ಕೊನೆಯಲ್ಲಿ ಉಳಿಯುವ ಗೇಣುದ್ದದ ತುಂಡು ನೂಲುಗಳನ್ನು ವರ್ಷಗಟ್ಟಲೆ ತುಂಬಿದ್ದ ಒಂದು ಗೋಣಿಚೀಲವಿತ್ತು. ಆ ಚೀಲವನ್ನು ನೋಡಿದಾಗಲೆಲ್ಲ ಅಪ್ಪ ಒಂದೇ ಮಾತು ಕೇಳುತ್ತಿದ್ದ:

“ಇದರಾಗ ಇಲಿಗೆ ಸೀರಿ ನೇಯಬೇಕೇನು?”

“ನೂಲು ನೂಲಽ,” ಎನ್ನುತ್ತಿದ್ದಳು ಆಯಿ. “ಚಲೋ ಐತಿ. ಯಾಕ ಒಗೀಬೇಕು?”

ಇಷ್ಟೆಲ್ಲದರ ಹಿಂದೆ, ಕಿಟಕಿಗೆ ಒತ್ತಿಕೊಂಡು, ಹಗ್ಗ ಹೆಣೆದ ಒಂದು ಮಂಚ, ನಮ್ಮ ಮಾತಿನಲ್ಲಿ ಹೊರಸು, ಗೋಡೆಗೆ ಒರಗಿ ನೆಟ್ಟಗೆ ನಿಂತಿತ್ತು. ಅದರ ಹೆಣಿಗೆಯ ಸಂದುಗಳಿಂದ ಬೆಳಗಿನ ಬಿಸಿಲು ಜರಡಿ ಹಿಡಿದಂತೆ ಬಂದು, ಬೀಸುಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು, ಹೊರಟುಹೋಗುತ್ತಿತ್ತು.

ಏಳನೆಯ ಇಯತ್ತೆ ಮುಗಿದ ಮೇಲೆ ನನ್ನನ್ನು ಶಾಲೆ ಬಿಡಿಸಿದರು. ಅದರ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇನೂ ಆಗಲಿಲ್ಲ. ಅವ್ವನಿಗೆ ಅಡುಗೆ ಮತ್ತು ನೂಲಿಗೆ ಬಣ್ಣ ಹಾಕುವ ಕೆಲಸ, ಅಪ್ಪನಿಗೆ ಮಗ್ಗ, ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಗಳನ್ನು ರಾಟೆಯಲ್ಲಿ ಸುತ್ತುವುದಕ್ಕೆ ಇನ್ನೊಂದು ಜೋಡಿ ಕೈ ಬೇಕಿತ್ತು. ನನ್ನ ಅಕ್ಷರಜ್ಞಾನ ಶಾಲೆಯಿಂದ ಬಂದದ್ದೆಂದು ಈಗ ಕೆಲವರು ಸಭೆಗಳಲ್ಲಿ ನನ್ನನ್ನು ಬರಹಗಾರ್ತಿಯೆಂದು ಪರಿಚಯಿಸುವಾಗ ಹೇಳುತ್ತಾರೆ. ಶಾಲೆ ನನಗೆ ಅಕ್ಷರ ಕೊಟ್ಟಿತು, ನಿಜ. ಓದು ಬಂದದ್ದು ನೂಲಿನ ಗಂಟುಗಳಿಗೆ ಸುತ್ತಿಕೊಂಡು ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ. ಆ ಹಾಳೆಗಳು ಯಾವಾಗಲೂ ಹರಿದಿರುತ್ತಿದ್ದವು. ಒಂದು ಕೊಲೆಯ ಸುದ್ದಿ ಸಿಕ್ಕರೆ ಕೊಂದವನು ಸಿಗುತ್ತಿರಲಿಲ್ಲ, ಒಬ್ಬ ಮಂತ್ರಿಯ ಭಾಷಣ ಸಿಕ್ಕರೆ ಅದನ್ನು ಅಲ್ಲಗಳೆದವನ ಮಾತು ಇನ್ನೊಂದು ಗಂಟಿನೊಡನೆ ಮೂರು ತಿಂಗಳ ನಂತರ ಬರುತ್ತಿತ್ತು. ಪೂರ್ತಿ ಕಾಣುವ ತನಕ ಯಾವ ಮಾತನ್ನೂ ನಂಬಬಾರದೆಂಬ ಹಟ ನನಗೆ ಅಂಟಿಕೊಂಡದ್ದು ಹೀಗೆ. ಆದರೆ ರಾಟೆ ಇದ್ದದ್ದು ಪಡಸಾಲೆಯ ಕತ್ತಲೆಯ ಮೂಲೆಯಲ್ಲಿ. ಅಲ್ಲಿ ಎಳೆ ತುಂಡಾದರೆ ಬೆರಳಿನಿಂದ ತಡವಿ ಹುಡುಕಬೇಕಿತ್ತು. ಅಕ್ಷರ ಕಾಣುವ ಮಾತಂತೂ ದೂರ. ಹೊಸ್ತಿಲಲ್ಲಿ ಕೂತು ಓದಿದರೆ ಓಣಿಯಲ್ಲಿ ಹೋಗುವ ಬರುವ ಪ್ರತಿಯೊಬ್ಬರೂ, ಏನವ್ವಾ ನೀಲವ್ವಾ, ಮಾಸ್ತರಬಾಯಿ ಆಗಾಕಿ ಏನು, ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ನನಗೆ ಆ ಕಿಟಕಿ ಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ. ಒಂದು ದಿನ ಮಗ್ಗದ ಕುಣಿಯ ಅಂಚಿನಲ್ಲಿ ಕೂತು ಅಪ್ಪನಿಗೆ ಹೇಳಿದೆ.

“ಆ ಖೋಲಿ ಖಾಲಿ ಆದ್ರ ರಾಟಿ ಅಲ್ಲೇ ಇಡೋಣು,” ಎಂದ ಅಪ್ಪ. “ಕಂಡಿಕಿ ಸುತ್ತಿದ ಮ್ಯಾಲೆ ಕಿಡಕಿ ನಿಂದು. ಓದತಿಯೋ, ಬರೀತಿಯೋ, ನಾ ಕೇಳಂಗಿಲ್ಲ.”

“ಖಾಲಿ ಮಾಡಾವ್ರು ಯಾರು?”

“ಅದನ್ನ ನಿಮ್ಮ ಆಯಿಗೆ ಕೇಳು. ನಾ ಅಕಿ ಹೊಟ್ಟ್ಯಾಗ ಹುಟ್ಟಿದಾಂವ. ನನ್ನ ಮಾತು ಅಕಿ ಯಾವಾಗ ಕೇಳ್ಯಾಳ?”

ಆಯಿ ಅಡುಗೆಮನೆಯ ಬಾಗಿಲಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಆ ಸಾಮಾನುಗಳನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀ ಎಂದು ಕೇಳಿದೆ. ಈ ಪ್ರಶ್ನೆಗೆ ಅವಳು ಬಹಳ ವರ್ಷಗಳಿಂದ ಕಾಯುತ್ತಿದ್ದಳೋ ಏನೋ, ತಡವಿಲ್ಲದೆ ಉತ್ತರ ಬಂತು.

“ಒಂದೊಂದಕ್ಕ ಒಂದೊಂದು ಕಥಿ ಐತಿ. ಕಥಿ ಇದ್ದ ಸಾಮಾನು ಒಗೀಬಾರದು.”

“ಕಥಿ ಸುಳ್ಳಿದ್ರ?”

ಈಳಿಗೆಯ ಮೇಲೆ ಬದನೆಕಾಯಿ ನಿಂತಿತು.

“ನನ್ನ ಕಥಿ ಸುಳ್ಳ?”

“ಸುಳ್ಳಿದ್ರ ಅಂತ ಕೇಳಿದೆ ಬೇ ಆಯಿ.”

“ಸುಳ್ಳ ಅಂತ ತೋರಿಸು. ತೋರಿಸಿದ್ರ ಸಾಮಾನು ಒಯ್ಯಿ. ಖರೆ ಇದ್ರ ಕೈ ಹಚ್ಚಬ್ಯಾಡ.”

ಅವಳು ಇದನ್ನು ನನ್ನ ಬಾಯಿ ಮುಚ್ಚಿಸಲು ಹೇಳಿದಳು. ನಾನು ಕರಾರೆಂದು ಹಿಡಿದೆ. ಮರುದಿನ ಬೆಳಿಗ್ಗೆ ಗೆಜ್ಜೆಸರವನ್ನು ಪಡಸಾಲೆಗೆ ತಂದು ಅವಳ ಮುಂದೆ ಇಟ್ಟೆ. ನಮ್ಮ ಅಜ್ಜನಿಗೆ ಬಿಳಿ ಎತ್ತುಗಳ ಜೋಡಿ ಇತ್ತು, ಅವು ಡಂಬಳದ ಕೆರೆಯ ಏರಿಯ ಮೇಲೆ ಬರುವಾಗ ಗೆಜ್ಜೆಯ ಸದ್ದಿಗೆ ಜನ ದಾರಿ ಬಿಡುತ್ತಿದ್ದರು ಎಂಬುದು ಅದರ ಕಥೆ.

“ಎತ್ತು ಎಲ್ಲಿ ಕಟ್ಟತಿದ್ರಿ?”

“ಹಿತ್ತಲದಾಗ.”

“ಹಿತ್ತಲದಾಗ ಒಂದು ಆಡು ನಿಂತ್ರ ಇನ್ನೊಂದಕ್ಕ ಜಾಗ ಇಲ್ಲ.”

“ಆಗ ಹಿತ್ತಲ ದೊಡ್ಡದಿತ್ತು.”

“ಗ್ವಾಡಿ ಸರದಾವೇನು?”

ಆಯಿ ಗೆಜ್ಜೆಸರವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಎತ್ತು ಸಣ್ಣು ಇದ್ದುವು.”

ಮಗ್ಗದ ಕುಣಿಯಲ್ಲಿ ಲಾಳಿಯ ಸದ್ದು ನಿಂತಿತು. ಅಪ್ಪ ಬಟ್ಟೆಯ ಮೇಲೆ ಹಣೆ ಇಟ್ಟುಕೊಂಡು ನಗುತ್ತಿದ್ದ. ಅವ್ವ ಒಲೆಯ ಮುಂದಿನಿಂದ ಸೆರಗು ಬಾಯಿಗೆ ಒತ್ತಿಕೊಂಡು ಎದ್ದುಬಂದಳು. ಕೊನೆಗೆ ಆಯಿಯೂ ನಕ್ಕಳು. ನಡೆದ ಸಂಗತಿ ಇಷ್ಟೇ: ಅಸುಂಡಿಯ ನೆಂಟರ ಮನೆಗೆ ಹೋದಾಗ ಅವರ ಕೊಟ್ಟಿಗೆಯಲ್ಲಿ ಆ ಗೆಜ್ಜೆಯ ಸದ್ದು ಕೇಳಿ ಅವಳ ಮನಸ್ಸು ಹಿಡಿದಿತ್ತು, ಬೇಡಿ ತಂದಿದ್ದಳು. ನೇಕಾರರ ಮನೆಯಲ್ಲಿ ಎತ್ತಿನ ಗೆಜ್ಜೆ ಯಾಕೆ ಎಂದು ಕೇಳಿದವರಿಗೆ ಹೇಳಲು ಎತ್ತುಗಳನ್ನು ಹುಟ್ಟಿಸಿದ್ದಳು. ಗೆಜ್ಜೆ ಹೋಯಿತು. ಕಂದೀಲು, ತೊಟ್ಟಿಲು, ಬೀಸುಕಲ್ಲು ಒಂದೊಂದಾಗಿ ಅದರ ಹಿಂದೆ ಹೋದವು. ಒಂದೇ ಕಂದೀಲಿನ ಬೆಳಕಿನಲ್ಲಿ ಅಪ್ಪ ಹುಟ್ಟಿದ್ದನೆಂದೂ, ಅದೇ ಕಂದೀಲನ್ನು ಅಪ್ಪನ ಮದುವೆಗೆ ಹೊಸದಾಗಿ ಕೊಂಡರೆಂದೂ ಅವಳೇ ಎರಡು ಸಲ ಹೇಳಿದ್ದಳು. ಒಂದು ತಿಂಗಳಲ್ಲಿ ಆಯಿಗೆ ಈ ಆಟ ರುಚಿಸತೊಡಗಿತು. ಮಧ್ಯಾಹ್ನ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು, “ಇವತ್ತ ಯಾವದು ತರತಿ?” ಎಂದು ಅವಳೇ ಕೇಳುತ್ತಿದ್ದಳು. ಮುದುಕಿ ಮೊಮ್ಮಗಳಿಗೆ ಸೋತಳು ಎಂದು ಓಣಿಯಲ್ಲಿ ಹೇಳಿದವರಿಗೆ ಇದು ತಿಳಿದಿರಲಿಲ್ಲ.

ಸಾಮಾನುಗಳನ್ನು ಒಯ್ಯುತ್ತಿದ್ದವನು ಹಿಂದಿನ ಓಣಿಯ ಖಾದರಸಾಬ. ಹಳೆಯ ವಸ್ತುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಸಂತೆಗಳಿಗೆ ಹೋಗುವುದು ಅವನ ವ್ಯಾಪಾರ. ನಾನು ಅವನನ್ನು ಖಾದರಕಾಕಾ ಎನ್ನುತ್ತಿದ್ದೆ. ಆಯಿ ಅವನಿಂದ ಹಣ ಮುಟ್ಟಲಿಲ್ಲ. ಬೆಲ್ಲವನ್ನೋ ಶೇಂಗಾವನ್ನೋ ಬದಲಿಗೆ ಪಡೆದು, ಜೊತೆಗೆ ಒಂದು ಷರತ್ತು ಹಾಕಿದಳು. ವಸ್ತು ಯಾರ ಮನೆ ಸೇರಿತು, ಅಲ್ಲಿ ಏನು ಮಾಡುತ್ತಿದೆ ಎಂಬ ಖಬರು ಅವನು ತಂದು ಮುಟ್ಟಿಸಬೇಕು. ಹೀಗಾಗಿ ನಮ್ಮ ಮನೆಯ ಸಾಯಂಕಾಲದ ಚಹಾಕ್ಕೆ ಖಾದರಕಾಕಾ ಖಾಯಂ ಆದ. ಗೆಜ್ಜೆ ಬಿಂಕದಕಟ್ಟಿಯಲ್ಲಿ ನಿಜವಾದ ಎತ್ತುಗಳ ಕೊರಳಿಗೆ ಬಿದ್ದಿದೆ ಎಂದ. ಬೀಸುಕಲ್ಲನ್ನು ಮುಂಡರಗಿಯ ಕಡೆಯ ಸೊಸೆಯೊಬ್ಬಳು ಅತ್ತೆಯ ಮೇಲಿನ ಸಿಟ್ಟಿಗೆ ಬೀಸುತ್ತಾಳೆ, ಅದಕ್ಕೇ ಹಿಟ್ಟು ನುಣ್ಣಗೆ ಬರುತ್ತದೆ ಎಂದ. ಅವನು ಹೋದ ಮೇಲೆ ನಾನು ಆಯಿಗೆ ಹೇಳಿದೆ:

“ಇಂವ ಎಲ್ಲಾ ಸುಳ್ಳ ಹೇಳ್ತಾನ.”

“ಹೇಳಲಿ ಬಿಡು,” ಎಂದಳು ಆಯಿ. “ಚಂದ ಹೇಳ್ತಾನ.”

ಕುರ್ಚಿಯ ಪ್ರಸಂಗ ಬೇರೆಯೇ ತೆರನಾದುದು. ಬ್ರಿಟಿಷ್ ಕಲೆಕ್ಟರ್ ಸಾಹೇಬ ನಮ್ಮ ಓಣಿಗೆ ಮಗ್ಗ ನೋಡಲು ಬಂದಾಗ ಆ ಕುರ್ಚಿಯ ಮೇಲೆ ಕೂತಿದ್ದನೆಂದು ಆಯಿ ಮಾತ್ರವಲ್ಲ, ನಮ್ಮ ಬಳಗದವರೆಲ್ಲ ಹೇಳುತ್ತಿದ್ದರು. ನಾನು ಅದನ್ನು ಬೋರಲು ಹಾಕಿದೆ. ಅಡಿಯ ಹಲಗೆಯ ಮೇಲೆ ಚಹಾದ ಕಂಪನಿಯ ಅಚ್ಚಿನ ಅಕ್ಷರಗಳು ತಲೆಕೆಳಗಾಗಿ ಕಾಣಿಸಿದವು. ಅಪ್ಪನನ್ನು ಕರೆದು ತೋರಿಸಿದೆ. ಅವನು ಕಿವಿ ತುರಿಸಿಕೊಂಡು, ನಾನು ಅಂಬೆಗಾಲು ಇಡುವ ಕಾಲಕ್ಕೆ ಚಹಾದ ಪೆಟ್ಟಿಗೆಯ ಹಲಗೆ ತಂದು ತಾನೇ ಮೊಳೆ ಹೊಡೆದು ಮಾಡಿದ್ದೆಂದು ಒಪ್ಪಿದ. ಅಷ್ಟೊತ್ತಿಗೆ ಸಾಹೇಬರು ಹಡಗು ಹತ್ತಿ ಎಷ್ಟೋ ವರ್ಷವಾಗಿತ್ತು. ಕುರ್ಚಿ ಲಕ್ಷ್ಮೇಶ್ವರದ ಒಂದು ಕ್ಷೌರದಂಗಡಿಗೆ ಹೋಯಿತೆಂದು ಖಾದರಕಾಕಾ ಖಬರು ತಂದ. ನಾನು ನಂಬಲಿಲ್ಲ. ಆ ವರ್ಷ ಒಂದು ಮದುವೆಗೆಂದು ನಾವು ಲಕ್ಷ್ಮೇಶ್ವರಕ್ಕೆ ಹೋದಾಗ ಆಯಿಯ ಕೈ ಹಿಡಿದುಕೊಂಡು ಅಂಗಡಿ ಹುಡುಕಿ ಹೊರಟೆ. ಕುರ್ಚಿ ಅಲ್ಲೇ ಇತ್ತು. ಅದರ ಮೇಲೆ ಅರ್ಧ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡ ಗಿರಾಕಿಯೊಬ್ಬ ಕೂತಿದ್ದ.

“ಹುಷಾರ ಕುಂಡ್ರಿ,” ಎಂದು ಕ್ಷೌರದವನು ಅವನಿಗೆ ಹೇಳುತ್ತಿದ್ದ. “ಬ್ರಿಟಿಷ್ ಕಲೆಕ್ಟರ್ ಕುಂತ ಕುರ್ಚಿ ಅದು.”

“ಸುಳ್ಳು,” ಎಂದೆ ನಾನು ಬಾಗಿಲಲ್ಲಿ ನಿಂತು. “ಅದು ಚಹಾದ ಪೆಟಗಿ. ನಮ್ಮಪ್ಪ ಮಾಡಿದ್ದು.”

ಕ್ಷೌರದವನು ಕತ್ತಿಯನ್ನು ಅಂಗೈಯ ಮೇಲೆ ಎರಡು ಸಲ ಒರೆಸಿದ.

“ಹಂಗಾರ ಸಾಹೇಬ ಚಹಾ ಕುಡಿಯಾಕ ಬಂದಿರಬೇಕವ್ವಾ,” ಎಂದು ಹೇಳಿ ಉಳಿದರ್ಧ ಮುಖಕ್ಕೆ ಸಾಬೂನು ಹಚ್ಚತೊಡಗಿದ.

ಆಯಿ ಅಂಗಡಿಯ ಕಟ್ಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಮದುವೆಯ ಊಟದಲ್ಲೂ ಮುಖ ಗಂಟಿಕ್ಕಿಕೊಂಡೇ ಇದ್ದೆ. ಸುಳ್ಳೆಂದು ತೋರಿಸಿ ಮನೆಯಿಂದ ಹೊರಗೆ ಹಾಕಿದ ಕಥೆ ಕುರ್ಚಿಯ ಕಾಲು ಹಿಡಿದುಕೊಂಡು ಅಷ್ಟು ದೂರ ಹೋಗಿ ಬಾಳುತ್ತಿದೆ ಎಂಬುದು ನನಗೆ ಅರಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕೋಣೆಯಲ್ಲಿ ಉಳಿದದ್ದು ಎರಡೇ: ತುಂಡು ನೂಲಿನ ಚೀಲ ಮತ್ತು ಹೊರಸು. ಕೋಣೆಯ ನೆಲ ಕಾಣಿಸುತ್ತಿತ್ತು, ಕಿಟಕಿ ಮಾತ್ರ ಹಾಗೆಯೇ ಮುಚ್ಚಿತ್ತು. ವಿಚಿತ್ರವೆಂದರೆ ಹೊರಸಿಗೆ ಕಥೆಯೇ ಇರಲಿಲ್ಲ. ಎಲ್ಲದಕ್ಕೂ ಎತ್ತು, ಸಾಹೇಬರನ್ನು ಹುಟ್ಟಿಸಿದ ಆಯಿ ಇದರ ಬಗ್ಗೆ ಕೇಳಿದರೆ ಏಳುತ್ತಿದ್ದಳು, ಒಲೆಯ ಕಡೆಗೋ ಹಿತ್ತಿಲ ಕಡೆಗೋ ಹೋಗುತ್ತಿದ್ದಳು. ಸುಳ್ಳು ಹೇಳಿದರೆ ತೋರಿಸಬಹುದು. ಏನೂ ಹೇಳದಿದ್ದರೆ ತೋರಿಸುವುದು ಏನನ್ನು? ಆಗ ನನಗೆ ನಮ್ಮ ಮನೆತನದ ಎಲ್ಲಕ್ಕಿಂತ ದೊಡ್ಡ ಕಥೆ ನೆನಪಾಯಿತು. ನಮ್ಮ ಅಜ್ಜ ಮಗ್ಗದ ಮೇಲೆ, ಕೈಯಲ್ಲಿ ಲಾಳಿ ಹಿಡಿದುಕೊಂಡೇ, ಕೊನೆಯ ಎಳೆ ಹೊಡೆದು, ನೇಯ್ದ ಸೀರೆಯ ಮೇಲೆ ತಲೆಯಿಟ್ಟು ಹೋದ ಎಂದು ಬಳಗದವರು ಮದುವೆ ಮುಂಜಿಗಳಲ್ಲಿ ಹೇಳುತ್ತಿದ್ದರು. ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಅಜ್ಜ ಹೋದಾಗ ನಾನು ತೀರ ಚಿಕ್ಕವಳು, ನನಗೇನೂ ನೆನಪಿಲ್ಲ. ಆ ಸೀರೆಯನ್ನು ಆಮೇಲೆ ಯಾರು ಮುಗಿಸಿದರು ಎಂದು ಒಮ್ಮೆ ಅಪ್ಪನನ್ನು ಕೇಳಿದೆ. ಅಪ್ಪ ಎಳೆ ತುಂಡಾಗದಿದ್ದರೂ ಬಗ್ಗಿ ಹುಡುಕತೊಡಗಿದ. ಹೀಗೆ ಇಬ್ಬರೂ ಬಾಯಿ ಮುಚ್ಚಿಕೊಂಡ ಎರಡು ಪ್ರಶ್ನೆಗಳು ನನ್ನ ತಲೆಯಲ್ಲಿ ಒಂದರ ಪಕ್ಕ ಒಂದು ಕೂತವು. ಹೆಸರುಕಾಳು ಹಸನು ಮಾಡುತ್ತಿದ್ದ ಆಯಿಯ ಎದುರು ಕೂತು, ಮೊರದ ಇನ್ನೊಂದು ಅಂಚಿನಿಂದ ಕಲ್ಲು ಆರಿಸುತ್ತ ಕೇಳಿದೆ.

“ಅಜ್ಜ ಹೊರಸಿನ ಮ್ಯಾಲೆ ಹ್ವಾದನೇನು?”

ಈ ಸಲ ಅವಳು ಎದ್ದುಹೋಗಲಿಲ್ಲ. ಕಾಳುಗಳನ್ನು ಬೆರಳಿನಿಂದ ಸರಿಸುತ್ತಲೇ ಇದ್ದಳು.

“ಹೂಂ,” ಎಂದಳು ಕೊನೆಗೆ. “ಒಂದು ಕಡೆ ಕೈಕಾಲು ಬಿದ್ದುಹೋದುವು. ಎರಡು ಮಳಿಗಾಲ ಅದರ ಮ್ಯಾಲೆ ಮಲಗಿದ್ದ. ಮಗ್ಗದ ಸಪ್ಪಳ ಕೇಳಬೇಕು, ಓಣಿ ಕಾಣಬೇಕು ಅಂದ. ಅದಕ್ಕ ಕಿಡಕಿ ಬಾಜೂ ಹಾಕಿದ್ವಿ. ನಿನ್ನ ಹೆಸರು ಹಿಡಿದು ಕರೆಯಾಕ ಬರ್ತಿದ್ದಿಲ್ಲ ಅವಗ. ನೀ ಹೋದ್ರ ಎಡಗೈ ಎತ್ತತಿದ್ದ.”

“ಮತ್ತ ಮಗ್ಗದ ಮ್ಯಾಲೆ ಹ್ವಾದ ಅಂತ ಹೇಳಿದಾವ್ರು ಯಾರು?”

“ಯಾರಿಗೆ ಗೊತ್ತು? ಕಡೀ ದಿನ ಎದ್ದು ಮಗ್ಗಕ್ಕ ಕುಂತಿದ್ದ ಅಂತ ಯಾರೋ ಅಂದ್ರು. ನಾ ಬ್ಯಾಡ ಅನ್ನಲಿಲ್ಲ. ಹೊರಸಿನ ಮ್ಯಾಲೆ ಹ್ವಾದ ಅಂದಿದ್ರ ಹೊರಸು ಮನ್ಯಾಗ ಇಡಾಕ ಬಿಡ್ತಿದ್ದಿಲ್ಲ.”

ಅದು ನಿಜ. ನಮ್ಮ ಕಡೆ ಜೀವ ಹೋದ ಹೊರಸನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಊರ ಹೊರಗೆ ಹಾಕುತ್ತಾರೆ, ಇನ್ನೊಬ್ಬರು ಮುಟ್ಟುವುದಿಲ್ಲ. ಮೂರು ಪೀಳಿಗೆ ಬಾಳುವ ಜಾಲಿಮರದ ಗಟ್ಟಿ ಕಾಲುಗಳ ಹೊರಸನ್ನು ಉಳಿಸಿಕೊಳ್ಳಲು ಅವಳು ಊರಿನ ಸುಳ್ಳನ್ನು ತಡೆಯದೆ ಬಿಟ್ಟಿದ್ದಳು. ನಾನು ನಮ್ಮ ಅಜ್ಜನ ಕಥೆಯನ್ನು ಸುಳ್ಳೆಂದು ತೋರಿಸಿ ಗೆದ್ದಿದ್ದೆ, ಅದೇ ಗಳಿಗೆಯಲ್ಲಿ ಕಿಟಕಿಯನ್ನು ಸೋತಿದ್ದೆ. ಹೊರಸಿನ ಕಥೆ ಖರೆಯಾಗಿತ್ತು. ಖರೆ ಇದ್ದರೆ ಕೈ ಹಚ್ಚಬಾರದು ಎಂಬುದು ಕರಾರು.

“ಹಂಗಾರ ಹೊರಸು ಇರಲಿ ಬಿಡು,” ಎಂದೆ. ನನ್ನ ದನಿಯಲ್ಲಿ ಉದಾರತನವೇನೂ ಇರಲಿಲ್ಲ. ಆ ದಿನ ನಾನು ಸುತ್ತಿದ ಕಂಡಿಕೆಗಳೆಲ್ಲ ಸಡಿಲಾಗಿ ಬಂದವೆಂದು ಅಪ್ಪ ಬೈದ.

ಒಂದೆರಡು ವಾರದಲ್ಲಿ ಖಾದರಕಾಕಾ ಚಹಾಕ್ಕೆ ಬಂದವನು ಕೂರದೆ ನಿಂತೇ ಇದ್ದ. ಅವನ ಮಗಳು ಮುಮ್ತಾಜ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿಯನ್ನು ಮಲಗಿಸಿ ಕೆಳಗೆ ಕೆಂಡ ಇಟ್ಟು ಕಾಸಲು ಗಟ್ಟಿ ಹೊರಸು ಬೇಕು, ಊರೂರಿನ ಹಳೆಯ ಸಾಮಾನು ಮಾರುವ ತನ್ನ ಮನೆಯಲ್ಲೇ ಒಂದು ನೆಟ್ಟಗಿನ ಹೊರಸಿಲ್ಲ, ಎಂದ. ಅವನ ಕಣ್ಣು ಮೂಲೆಕೋಣೆಯ ಕಡೆಗಿತ್ತು. ಅವ್ವ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಸುಮ್ನಿರು. ಒಂದ ಮಾತ ಆಡಬ್ಯಾಡ,” ಎಂದು ಪಿಸುಗುಟ್ಟಿದಳು. “ಹೊರಸು ಹೋಗತೈತಿ, ನಿನಗ ಕಿಡಕಿ ಬರತೈತಿ. ಯಾರಿಗೂ ಏನೂ ಆಗಂಗಿಲ್ಲ.”

ಅವ್ವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಓಣಿಗೆಲ್ಲ ಗೊತ್ತಿದ್ದ ಹಾಗೆ ಅಜ್ಜ ಹೋದದ್ದು ಮಗ್ಗದ ಮೇಲೆ. ಖಾದರಕಾಕಾನೂ ಅದನ್ನೇ ನಂಬಿದ್ದ. ನನ್ನ ಬಾಯಿ ಮುಚ್ಚಿದ್ದರೆ ಸಾಕಿತ್ತು. ನಾನು ಏನು ಮಾಡುತ್ತಿದ್ದೆನೋ ಈಗ ಹೇಳಲಾರೆ; ಅಂಥ ಗಳಿಗೆಯಲ್ಲಿ ತಾವು ಧೈರ್ಯವಾಗಿ ನಿಜ ನುಡಿದೆವೆಂದು ಬರೆದುಕೊಳ್ಳುವವರನ್ನು ನಾನು ನಂಬುವುದಿಲ್ಲ. ನಾನು ಪಡಸಾಲೆಗೆ ಮರಳುವಷ್ಟರಲ್ಲಿ ಆಯಿಯೇ ಮಾತು ತೆಗೆದಿದ್ದಳು.

“ಖಾದರ, ಕೇಳಿಲ್ಲೆ. ನಮ್ಮವರು ಜೀವ ಬಿಟ್ಟದ್ದು ಅದರ ಮ್ಯಾಲೆ. ಮಗ್ಗದ ಮ್ಯಾಲೆ ಅಲ್ಲ. ಮನೀಗೆ ಹೋಗಿ ನಿನ್ನ ಹೆಣತಿಗೆ ಹೇಳು. ಬ್ಯಾಡ ಅಂದ್ರ ನನಗೇನು ಸಿಟ್ಟಿಲ್ಲ.”

ಅಪ್ಪ ಮಗ್ಗದಿಂದ ತಲೆ ಎತ್ತಲಿಲ್ಲ. ಖಾದರಕಾಕಾ ಗಡ್ಡ ನೀವಿಕೊಂಡು ಹೊರಟುಹೋದ. ಅವ್ವ ಹಣೆ ಹಣೆ ಬಡಿದುಕೊಂಡಳು.

“ಯಾಕ ಹೇಳಿದ್ರಿ ಅತ್ತಿ? ಯಾರು ಕೇಳಿದ್ರು?”

“ಹೇಳದಽ ಕೊಟ್ಟಿದ್ರ,” ಎಂದಳು ಆಯಿ, “ದಿನಾ ಅವರ ಮನೀ ಕಡೆ ಕಿವಿ ಇಟಗೊಂಡು ಕುಂದ್ರಬೇಕಿತ್ತು. ಈ ವಯಸ್ಸಿನ್ಯಾಗ ಆ ಕೆಲಸ ಯಾರು ಮಾಡಬೇಕು?”

ಸ್ವಲ್ಪ ಹೊತ್ತಿಗೆ ಖಾದರಕಾಕಾನ ಹೆಂಡತಿಯೇ ಬಂದಳು. ಎತ್ತರದ, ಕಡಿಮೆ ಮಾತಿನ ಹೆಂಗಸು. ಯಾರ ಅಪ್ಪಣೆಗೂ ಕಾಯದೆ ಕೋಣೆಗೆ ಹೋಗಿ ಹೊರಸನ್ನು ನೆಲಕ್ಕೆ ಇಳಿಸಿ, ನಾಲ್ಕೂ ಕಾಲುಗಳನ್ನು ಅಲುಗಿಸಿ ನೋಡಿದಳು. ಕಿಟಕಿ ತೆರೆದುಕೊಂಡಿತು. ಅಷ್ಟೊಂದು ಬೆಳಕಿಗೆ ನಾವೆಲ್ಲ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಗ ಅವಳು ಆಯಿಗೆ ಒಂದೇ ಪ್ರಶ್ನೆ ಕೇಳಿದಳು.

“ಹೋಗೋವಾಗ ಭಾಳ ಒದ್ದಾಡಿದ್ರೇನ್ರಿ?”

“ಇಲ್ಲವ್ವಾ. ಮುಂಜಾನೆ. ಓಣಿ ನೋಡಕೋತ ಇದ್ದ.”

“ಎರಡು ವರ್ಷ ಒಬ್ರು ಮಲಗಿದ್ರೂ ಒಂದು ಕಾಲು ಅಲಗಿಲ್ಲ,” ಎಂದಳು ಆಕೆ. “ನನ್ನ ಮಗಳಿಗೆ ಬೇಕಾದದ್ದು ಇಂಥಾದ್ದಽ. ಹಗ್ಗ ಅಷ್ಟ ಹೊಸಾದು ಹಾಕ್ಸೋಣು.”

ನಾನು ಹಟಮಾರಿ. ಎಲ್ಲ ಸರಿಹೋಗುತ್ತಿದ್ದಾಗಲೂ ನನಗೆ ಕರಾರಿನದೇ ಚಿಂತೆ.

“ಕಥಿ ಖರೆ ಇದ್ರ ಕೊಡಂಗಿಲ್ಲ ಅಂದಿದ್ದಿ,” ಎಂದು ಆಯಿಯ ಕಿವಿಯಲ್ಲಿ ಹೇಳಿದೆ.

“ಹುಚ್ಚಿ. ಎತ್ತಿನ ಕಥಿಗೆ ಗೆಜ್ಜಿ ಬೇಕಿತ್ತು, ಗೆಜ್ಜಿ ಇಲ್ಲಂದ್ರ ಯಾರು ನಂಬತಿದ್ರು? ಇದಕ್ಕ ಹೊರಸು ಯಾಕ ಬೇಕು? ನಾ ಅಲ್ಲೇ ಇದ್ನಲ್ಲಾ.”

ಇಷ್ಟು ಹೇಳಿ ಅವಳು ಈಳಿಗೆ ತಂದು, ಹೊರಸಿನ ಹಳೆಯ ಹಗ್ಗವನ್ನು ತಾನೇ ಕೊಯ್ದಳು. ಅಜ್ಜನ ಬೆನ್ನಿನ ಆಕಾರಕ್ಕೆ ತಗ್ಗು ಬಿದ್ದಿದ್ದ ಆ ಹೆಣಿಗೆ ಅವಳ ಕಾಲ ಬಳಿ ಗುಪ್ಪೆಯಾಗಿ ಬಿತ್ತು. ಅದನ್ನು ಬಚ್ಚಲ ಒಲೆಗೆ ಒಯ್ದು ಹಾಕಿದಳು. ಅಂದು ಸಂಜೆ ನೀರು ಚೆನ್ನಾಗಿ ಕಾಯಿತೆಂದು ಎಲ್ಲರಿಗಿಂತ ಮೊದಲು ಹೇಳಿದವಳೂ ಅವಳೇ.

ಹೊಸ ಹಗ್ಗ ಎಲ್ಲಿಂದ ಎಂಬ ಪ್ರಶ್ನೆ ಬಂದಾಗ ಆಯಿ ಮಾತಾಡದೆ ತುಂಡು ನೂಲಿನ ಚೀಲವನ್ನು ಎಳೆದು ತಂದು ಓಣಿಯಲ್ಲಿ ಬೋರಲು ಹಾಕಿದಳು. ಹಸಿರು, ಕೆಂಪು, ಅರಿಶಿನ, ನವಿಲುಗೊರಳಿನ ಬಣ್ಣ. ನಮ್ಮ ಮನೆಯಿಂದ ಹೊರಬಿದ್ದ ಎಷ್ಟೋ ಸೀರೆಗಳ ಕೊನೆಗಳು ಅಲ್ಲಿದ್ದವು. ಗೇಣುದ್ದದ ತುಂಡಿನಿಂದ ಸೀರೆ ಆಗುವುದಿಲ್ಲ, ಆದರೆ ಮೊದಲ ತುಂಡು ಮುಗಿಯುವ ಮುನ್ನ ಎರಡನೆಯದನ್ನು ಸೇರಿಸಿ ಹೊಸೆಯುತ್ತ ಹೋದರೆ ಹುರಿ ಬೇಕಾದಷ್ಟು ಉದ್ದವಾಗುತ್ತದೆ. ಅಪ್ಪ ಮಗ್ಗ ನಿಲ್ಲಿಸಿ ಎದ್ದು ಬಂದ. ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ರಾಟೆ ತಿರುವುತ್ತ ನಾನು, ನಡುವೆ ಹುರಿ ನೆಲಕ್ಕೆ ತಾಗದಂತೆ ಹಿಡಿಯಲು ಓಣಿಯ ಹೆಂಗಸರು. ಚುರುಮುರಿ ಮತ್ತು ಮೆಣಸಿನಕಾಯಿ ಬಜಿ ಖಾದರಕಾಕಾನ ಮನೆಯಿಂದ ಬಂತು.

“ಇಲಿಗೆ ಸೀರಿ ಆಗಲಿಲ್ಲ ನೋಡಪಾ,” ಎಂದಳು ಆಯಿ ಅಪ್ಪನಿಗೆ.

“ಆತವ್ವಾ ಆತು. ಸೋತೆ,” ಎಂದ ಅಪ್ಪ ಬಜಿ ಕಡಿಯುತ್ತ.

ಹೊರಸನ್ನು ಹೆಣೆದು ಮುಗಿಸಿದಾಗ ಅದು ಹೊರಸಿನಂತೆ ಕಾಣುತ್ತಿರಲಿಲ್ಲ. ಹಬ್ಬದ ದಿನ ಯಾರದೋ ಮನೆಯ ಅಂಗಳದಂತೆ ಕಾಣುತ್ತಿತ್ತು. ಖಾದರಕಾಕಾ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುವುದನ್ನು ಆಯಿ ಹೊಸ್ತಿಲಲ್ಲಿ ನಿಂತು ನೋಡಿದಳು. ಓಣಿ ತಿರುಗುವವರೆಗೆ ನೋಡಿ, ಒಳಗೆ ಬಂದು, ಖಾಲಿ ಕೋಣೆಯ ನೆಲವನ್ನು ಸೆಗಣಿಯಿಂದ ಸಾರಿಸಿದಳು. ನಾನು ಮಾಡುತ್ತೇನೆ ಎಂದರೆ ಬಿಡಲಿಲ್ಲ. ಮುಮ್ತಾಜಳಿಗೆ ಗಂಡುಮಗು ಹುಟ್ಟಿದ ಸುದ್ದಿ ಬಂದ ದಿನ ಅಂಟಿನ ಉಂಡೆ ಕಟ್ಟಿ ಕಳಿಸಿದಳು, ಮತ್ತು ಖಾದರಕಾಕಾ ಚಹಾಕ್ಕೆ ಬಂದಾಗ ಮಗುವಿನ ಬಣ್ಣ, ತೂಕ, ಅಳುವಿನ ಬಗ್ಗೆ ಕೇಳಿ, ಕೊನೆಗೆ ಹೊರಸಿನ ಬಗ್ಗೆಯೂ ಕೇಳಿದಳು. ಅದು ಕಿರುಗುಟ್ಟುವುದಿಲ್ಲವಂತೆ. ಈ ಖಬರನ್ನು ನಾನೂ ನಂಬಿದೆ.

ರಾಟೆ ಕಿಟಕಿಯ ಬಳಿಗೆ ಬಂತು. ಕಂಡಿಕೆ ಸುತ್ತಿ ಮುಗಿಸಿ, ಸಂಜೆಯ ಬೆಳಕು ಇರುವವರೆಗೂ ಅಲ್ಲಿ ಓದುತ್ತಿದ್ದೆ. ಮೊದಲು ನೂಲಿನ ಗಂಟಿನ ಪತ್ರಿಕೆ, ಆಮೇಲೆ ಗದಗಿನ ವಾಚನಾಲಯದಿಂದ ಖಾದರಕಾಕಾ ಸೈಕಲ್ಲಿನಲ್ಲಿ ತಂದುಕೊಡುತ್ತಿದ್ದ ಪುಸ್ತಕ. ನನಗೆ ಗುರು ಯಾರು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಗುರು ಯಾರೂ ಇರಲಿಲ್ಲ, ಒಂದು ಕಿಟಕಿ ಇತ್ತು. ಎಷ್ಟೋ ವರ್ಷ ಆಯಿ ಮಧ್ಯಾಹ್ನ ಆ ಕೋಣೆಗೆ ಬಂದು ನನ್ನ ಎದುರು ಕೂರುತ್ತಿದ್ದಳು. ಕೋಣೆ ಖಾಲಿಯಾಗಿದ್ದರಿಂದ ಅವಳ ಹೊಸ ಕಥೆಗಳಿಗೆ ಯಾವ ಸಾಕ್ಷಿಯೂ ಇರಲಿಲ್ಲ, ಆದ್ದರಿಂದ ಅವು ಇನ್ನಷ್ಟು ದೊಡ್ಡವಾಗಿದ್ದವು. ನಾನು ಪ್ರತಿಯೊಂದಕ್ಕೂ ಅಡ್ಡ ಪ್ರಶ್ನೆ ಹಾಕುತ್ತಿದ್ದೆ. ಅವಳು ಅದಕ್ಕೇ ಬರುತ್ತಿದ್ದಳೆಂದು ಈಗ ಅನ್ನಿಸುತ್ತದೆ.

ಆ ಗಂಡುಮಗು ರಫೀಕ ಈಗ ಗಡ್ಡ ನರೆತ ಮನುಷ್ಯ. ಮೊನ್ನೆ ತನ್ನ ಮಗಳ ಮದುವೆಗೆ ಕರೆದಿದ್ದ. ಊಟದ ಪಂಕ್ತಿಯಲ್ಲಿ ನನ್ನನ್ನು ಬೀಗರಿಗೆ ಪರಿಚಯಿಸಿದ.

“ನಾ ಹುಟ್ಟಿದ್ದು ರೇಶ್ಮಿ ಹೊರಸಿನ ಮ್ಯಾಲೆ,” ಎಂದ ಅವರಿಗೆ. “ಇವರ ಮನ್ಯಾಗ ನನ್ನ ಸಲುವಾಗೇ ಅಂತ ಮಾಡಿದ್ದು. ನನಗಿಂತ ಮೊದಲ ಅದರ ಮ್ಯಾಲೆ ಯಾರೂ ಮಲಗಿದ್ದಿಲ್ಲ. ಈಗೂ ನಮ್ಮ ಮನ್ಯಾಗ ಐತಿ. ಇವರನ್ನ ಕೇಳ್ರಿ ಬೇಕಾದ್ರ.”

ಬೀಗರೆಲ್ಲ ನನ್ನ ಕಡೆ ತಿರುಗಿದರು. ಲಕ್ಷ್ಮೇಶ್ವರದ ಆ ಅಂಗಡಿಯ ಬಾಗಿಲಲ್ಲಿ ನಿಂತಾಗ ಆದಂತೆಯೇ ನನ್ನ ನಾಲಿಗೆ ತುರಿಸಿತು. ರಫೀಕನ ಮುಖ ನೋಡಿದೆ. ಅವನ ಹಿಂದೆ ಕುರ್ಚಿಯ ಮೇಲೆ ಕೂತಿದ್ದ ಮುಮ್ತಾಜಳೂ ನನ್ನನ್ನೇ ನೋಡುತ್ತಿದ್ದಳು.

“ರೇಶ್ಮಿ ಅಲ್ಲೋ ತಮ್ಮಾ,” ಎಂದೆ. “ಹತ್ತಿ ನೂಲು. ಬಣ್ಣ ಗಟ್ಟಿ ಇತ್ತು, ಅದಕ್ಕ ಹಂಗ ಕಾಣತಿತ್ತು.”

ಉಳಿದ ಕಥೆಯನ್ನು ನಾನು ಮುಟ್ಟಲಿಲ್ಲ. ಅದು ಅವನ ಮನೆಯಲ್ಲಿ ಇನ್ನೂ ಗಟ್ಟಿಯಾಗಿಯೇ ಇತ್ತು, ಕೆಲಸಕ್ಕೂ ಬರುತ್ತಿತ್ತು.